ತರಗತಿಯಲ್ಲಿ ಹೋಂ ಥಿಯೇಟರ್: ಸ್ಪೀಕರುಗಳ ಜೋಡಣೆ ಮತ್ತು ಮಾತಿನ ಸ್ಪಷ್ಟತೆ

ಗಡಿನಾಡಿನ ಕನ್ನಡ ಶಾಲೆಯಲ್ಲಿ ಕೇಳುವಿಕೆಗೆ ಇರುವ ಸ್ಥಾನ ಹಿರಿದು. ಕಾಸರಗೋಡಿನ ಮಗು ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಮಲಯಾಳ ಅಥವಾ ಹವ್ಯಕ ಕನ್ನಡವನ್ನು ಆಡುತ್ತಿರಬಹುದು. ನೀಲಗಿರಿಯ ಮಗುವಿನ ಮನೆಮಾತು ಬಡಗ ನುಡಿಯಾಗಿರಬಹುದು. ಹೊಸೂರಿನಲ್ಲಿ ತಮಿಳು ಮತ್ತು ತೆಲುಗು, ಜತ್ತ ಹಾಗೂ ಅಕ್ಕಲಕೋಟೆಗಳಲ್ಲಿ ಮರಾಠಿ, ಆದವಾನಿ ಮತ್ತು ಮಡಕಶಿರಾಗಳಲ್ಲಿ ತೆಲುಗು ಮಗುವಿನ ಕಿವಿಗೆ ದಿನವೂ ಬೀಳುತ್ತವೆ. ಪಠ್ಯಪುಸ್ತಕದ ಶಿಷ್ಟ ಕನ್ನಡವನ್ನು ಇಂತಹ ಮಗು ಬಹುಮಟ್ಟಿಗೆ ಶಾಲೆಯ ಕೋಣೆಯಲ್ಲಿಯೇ ಕೇಳಬೇಕಾಗುತ್ತದೆ. ಅಲ್ಲಿ ಕೇಳಿದ್ದು ಅಸ್ಪಷ್ಟವಾದರೆ, ಅದನ್ನು ತಿದ್ದಿಕೊಳ್ಳುವ ಅವಕಾಶ ಬೀದಿಯಲ್ಲಾಗಲಿ ಅಂಗಡಿಯಲ್ಲಾಗಲಿ ಸುಲಭವಾಗಿ ಸಿಗುವುದಿಲ್ಲ.

ಈಗ ಅನೇಕ ಶಾಲೆಗಳಲ್ಲಿ ದೊಡ್ಡ ಟಿ.ವಿ. ಅಥವಾ ಪ್ರೊಜೆಕ್ಟರ್ ಇದೆ. ಅದರ ಜೊತೆಗೆ ಹಳೆಯ ವಿದ್ಯಾರ್ಥಿಗಳೋ ಊರಿನ ದಾನಿಗಳೋ ಮನೆಬಳಕೆಯ ಹೋಂ ಥಿಯೇಟರ್ ಸೆಟ್ಟೊಂದನ್ನು ಕೊಡುವುದುಂಟು. ಆರು ಪೆಟ್ಟಿಗೆಗಳನ್ನೂ ಕಪ್ಪುಹಲಗೆಯ ಕೆಳಗೆ ಸಾಲಾಗಿ ಇಡುವುದು, ಇಲ್ಲವೆ ಕೋಣೆಯ ನಾಲ್ಕು ಮೂಲೆಗಳಿಗೆ ತೂಗುಹಾಕುವುದು ಸಾಮಾನ್ಯವಾಗಿ ಕಾಣುವ ಪದ್ಧತಿ. ಸದ್ದು ಜೋರಾಗಿ ಬರುತ್ತದೆ. ಆದರೆ ಮಾತು ತಿಳಿಯುವುದಿಲ್ಲ. ಉಕ್ತಲೇಖನದಲ್ಲಿ ತಪ್ಪುಗಳು ಬಿದ್ದಾಗ ದೋಷವನ್ನು ಮಗುವಿನ ಮೇಲೆ ಹೊರಿಸಲಾಗುತ್ತದೆ. ಮನೆಯ ಹಜಾರದಲ್ಲಿ ಚಲನಚಿತ್ರ ನೋಡಲು ತಯಾರಾದ ಉಪಕರಣವನ್ನು ಮೂವತ್ತು ಮಕ್ಕಳು ಮಾತು ಕೇಳುವ ಕೋಣೆಗೆ ಹೊಂದಿಸುವ ಬಗೆಯನ್ನೂ, ಮಗುವಿನ ತಪ್ಪನ್ನು ಕೋಣೆಯ ತಪ್ಪಿನಿಂದ ಬೇರ್ಪಡಿಸುವ ಬಗೆಯನ್ನೂ ಈ ಲೇಖನ ವಿವರಿಸುತ್ತದೆ.

5.1 ಎಂಬುದರ ಅರ್ಥ

ಹೋಂ ಥಿಯೇಟರಿನ ಪೆಟ್ಟಿಗೆಯ ಮೇಲೆ 5.1 ಎಂದು ಬರೆದಿರುತ್ತದೆ. ಇಲ್ಲಿ 5 ಎಂದರೆ ಮುಂದೆ ಎಡ, ನಡು, ಬಲ ಎಂಬ ಮೂರು ಸ್ಪೀಕರುಗಳು ಮತ್ತು ಕೇಳುವವರ ಇಕ್ಕೆಲಗಳಲ್ಲಿ ತುಸು ಹಿಂದಕ್ಕೆ ಇರಬೇಕಾದ ಎರಡು ಸುತ್ತುಧ್ವನಿ ಸ್ಪೀಕರುಗಳು. ಉಳಿದ 1 ಎಂದರೆ ಸಬ್‌ವೂಫರ್. ಗುಡುಗು, ನಗಾರಿಗಳಂತಹ ತಗ್ಗಿನ ಧ್ವನಿಯನ್ನು ಮಾತ್ರ ಅದು ನುಡಿಸುತ್ತದೆ. ಅದಕ್ಕೆ ಮೀಸಲಾದ ವಾಹಿನಿ ಸುಮಾರು 120 ಹರ್ಟ್ಜ್‌ವರೆಗಿನ ಕಂಪನಗಳಿಗಷ್ಟೇ ಸೀಮಿತ. ಮನುಷ್ಯನ ಕಿವಿ 20ರಿಂದ 20,000 ಹರ್ಟ್ಜ್‌ವರೆಗೆ ಕೇಳಬಲ್ಲದಾದ್ದರಿಂದ, ಈ ವಾಹಿನಿಗೆ ದೊರೆಯುವುದು ಒಂದು ಕಿರಿದಾದ ಅಂಚು ಮಾತ್ರ. ಆ ಕಾರಣಕ್ಕಾಗಿ ಅದನ್ನು ಪೂರ್ಣಾಂಕವಾಗಿ ಎಣಿಸದೆ ದಶಾಂಶವಾಗಿ ಬರೆಯುತ್ತಾರೆ.

ನಡುವಿನ ಸ್ಪೀಕರಿನ ಹಿಂದೆ ಒಂದು ಇತಿಹಾಸವಿದೆ. 1933ರ ಏಪ್ರಿಲ್ 27ರಂದು ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು ಫಿಲಡೆಲ್ಫಿಯಾ ನಗರದಲ್ಲಿ ನುಡಿಸುತ್ತಿದ್ದ ವಾದ್ಯವೃಂದವನ್ನು ದೂರವಾಣಿ ತಂತಿಗಳ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ತಲುಪಿಸಿದರು. ಅದಕ್ಕೆ ಅವರು ಮೂರು ಮೈಕುಗಳನ್ನೂ ಮೂರು ವಾಹಿನಿಗಳನ್ನೂ ವೇದಿಕೆಯ ಎಡ, ನಡು, ಬಲಗಳಲ್ಲಿ ಮೂರು ಸ್ಪೀಕರುಗಳನ್ನೂ ಬಳಸಿದರು. ಎರಡೇ ಸ್ಪೀಕರುಗಳಿದ್ದರೆ ಸರಿಯಾಗಿ ನಡುವೆ ಕುಳಿತವರಿಗೆ ಮಾತ್ರ ಧ್ವನಿ ನಡುವಿನಿಂದ ಬಂದಂತೆ ತೋರುತ್ತದೆ. ಪಕ್ಕಕ್ಕೆ ಕುಳಿತವರಿಗೆ ಅದು ಹತ್ತಿರದ ಸ್ಪೀಕರಿಗೆ ಜಾರುತ್ತದೆ. ನಡುವೆ ನಿಜವಾಗಿಯೇ ಒಂದು ಸ್ಪೀಕರ್ ಇದ್ದರೆ ಎಲ್ಲಿ ಕುಳಿತವರಿಗೂ ಧ್ವನಿಯ ಸ್ಥಾನ ಬದಲಾಗದು. ಚಲನಚಿತ್ರಗಳಲ್ಲಿ ಸಂಭಾಷಣೆಯನ್ನು ಇಂದಿಗೂ ಹೆಚ್ಚಾಗಿ ನಡುವಿನ ವಾಹಿನಿಗೆ ಕೊಡುವುದು ಈ ಕಾರಣದಿಂದಲೇ. ಆದ್ದರಿಂದ ತರಗತಿಯಲ್ಲಿ ಆರು ಪೆಟ್ಟಿಗೆಗಳ ಪೈಕಿ ಎಲ್ಲಕ್ಕಿಂತ ಮುಖ್ಯವಾದುದು ಈ ನಡುವಿನ ಪೆಟ್ಟಿಗೆ.

ಮನೆಯ ಜೋಡಣೆಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸೊಂದಿದೆ. ಕೇಳುಗನು ವೃತ್ತವೊಂದರ ಕೇಂದ್ರದಲ್ಲಿದ್ದಾನೆಂದು ಭಾವಿಸಿ ನಡುವಿನ ಸ್ಪೀಕರನ್ನು ನೇರ ಮುಂದೆ, ಎಡ ಬಲದವುಗಳನ್ನು ಅದರಿಂದ 30 ಡಿಗ್ರಿ ಆಚೀಚೆ, ಸುತ್ತುಧ್ವನಿಯವುಗಳನ್ನು 100ರಿಂದ 120 ಡಿಗ್ರಿಯೊಳಗೆ ಇಡಬೇಕು. ಕೋನಮಾಪಕ ಮತ್ತು ಹಗ್ಗದ ಸಹಾಯದಿಂದ ಇದನ್ನು ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಮಕ್ಕಳಿಂದಲೇ ಮಾಡಿಸಬಹುದು. ಗಣಿತದ ವೃತ್ತ ಹಾಗೂ ಕೋನಗಳ ಪಾಠಕ್ಕೆ ಅದು ಒಳ್ಳೆಯ ಚಟುವಟಿಕೆ.

ಹಜಾರಕ್ಕೂ ತರಗತಿಗೂ ಇರುವ ಅಂತರ

ಮೇಲಿನ ವೃತ್ತಕ್ಕೆ ಒಂದೇ ಕೇಂದ್ರವಿದೆ. ಮನೆಯಲ್ಲಿ ಆ ಕೇಂದ್ರದ ಸುತ್ತ ಮೂರು ನಾಲ್ಕು ಮಂದಿ ಕುಳಿತಿರುತ್ತಾರೆ. ತರಗತಿಯಲ್ಲಿ ಮೂವತ್ತು ಮಕ್ಕಳು ಕೋಣೆಯ ತುಂಬ ಹರಡಿರುತ್ತಾರೆ. ಕೆಲವರು ಹಿಂದಿನ ಗೋಡೆಗೆ ಒರಗಿಯೇ ಕುಳಿತಿರುತ್ತಾರೆ.

7 ಮೀಟರ್ ಉದ್ದ, 6 ಮೀಟರ್ ಅಗಲದ ಕೋಣೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೊನೆಯ ಸಾಲಿನ ಮಗುವೊಂದು ನಡುವಿನ ಸ್ಪೀಕರಿನಿಂದ 6 ಮೀಟರ್ ದೂರದಲ್ಲಿ, ಹಿಂದಿನ ಮೂಲೆಯ ಸುತ್ತುಧ್ವನಿ ಸ್ಪೀಕರಿನಿಂದ 1.5 ಮೀಟರ್ ದೂರದಲ್ಲಿ ಕುಳಿತಿದೆ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಅಂದರೆ ಒಂದು ಮೀಟರ್ ಸಾಗಲು ಅದಕ್ಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಎಲ್ಲ ಸ್ಪೀಕರುಗಳೂ ಒಂದೇ ಮಾತನ್ನು ನುಡಿಯುತ್ತಿದ್ದರೆ ಹಿಂದಿನ ಸ್ಪೀಕರಿನ ಧ್ವನಿ ಆ ಮಗುವಿಗೆ ಸುಮಾರು 13 ಮಿಲಿಸೆಕೆಂಡ್ ಮೊದಲೇ ತಲುಪುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಧ್ವನಿಯ ಮಟ್ಟ 6 ಡೆಸಿಬೆಲ್ ತಗ್ಗುತ್ತದೆ. ಈ ಲೆಕ್ಕದಂತೆ ಹಿಂದಿನ ಸ್ಪೀಕರಿನ ನೇರ ಧ್ವನಿ ಆ ಮಗುವಿಗೆ 12 ಡೆಸಿಬೆಲ್‌ನಷ್ಟು ಜೋರಾಗಿಯೂ ಇರುತ್ತದೆ.

ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಹೆಲ್ಮುಟ್ ಹಾಸ್ ಎಂಬ ಸಂಶೋಧಕ 1949ರಲ್ಲಿ ಮುಗಿಸಿದ ಪ್ರಬಂಧದಲ್ಲಿ ಈ ವಿಷಯವನ್ನು ಪರೀಕ್ಷಿಸಿದ್ದಾನೆ. ಒಂದೇ ಮಾತು ಎರಡು ಕಡೆಯಿಂದ ಸುಮಾರು 30 ಮಿಲಿಸೆಕೆಂಡುಗಳೊಳಗಿನ ಅಂತರದಲ್ಲಿ ಬಂದರೆ ಕಿವಿ ಅದನ್ನು ಒಂದೇ ಮಾತೆಂದು ಗ್ರಹಿಸುತ್ತದೆ. ಮೊದಲು ಬಂದ ದಿಕ್ಕನ್ನೇ ಮಾತಿನ ಮೂಲವೆಂದು ನಂಬುತ್ತದೆ. ಹೀಗಾಗಿ ಹಿಂದಿನ ಸಾಲಿನ ಮಗುವಿಗೆ ತೆರೆಯ ಮೇಲಿನ ವ್ಯಕ್ತಿ ಬೆನ್ನ ಹಿಂದಿನಿಂದ ಮಾತನಾಡಿದಂತಾಗುತ್ತದೆ. ಕಣ್ಣು ತುಟಿಯ ಚಲನೆಯನ್ನು ನೋಡುತ್ತಿರುವಾಗ ಕಿವಿ ಬೇರೆಡೆಗೆ ತಿರುಗುತ್ತದೆ. ಭಾಷೆಯನ್ನು ಇನ್ನೂ ಕಲಿಯುತ್ತಿರುವ ಮಗುವಿಗೆ ತುಟಿಯ ಚಲನೆ ದೊಡ್ಡ ಆಸರೆ. ಆ ಆಸರೆ ತಪ್ಪುತ್ತದೆ.

ಕೆಲವು ಸೆಟ್ಟುಗಳಲ್ಲಿ ಪ್ರತಿ ಸ್ಪೀಕರಿನ ದೂರವನ್ನು ನಮೂದಿಸಿ ಧ್ವನಿಯನ್ನು ತಡಮಾಡುವ ಸೌಲಭ್ಯವಿದೆ. ಅದು ಒಂದು ಆಸನಕ್ಕೆ ಹೊಂದಿಸಬಲ್ಲದೇ ಹೊರತು ಮೂವತ್ತು ಆಸನಗಳಿಗಲ್ಲ. ತರಗತಿಯಲ್ಲಿ ಪಾಲಿಸಬೇಕಾದ ನಿಯಮ ಸರಳ: ಮಾತು ಒಂದೇ ಕಡೆಯಿಂದ, ಮುಂದಿನಿಂದ, ಮಕ್ಕಳಿಗೆ ಆದಷ್ಟು ಹತ್ತಿರದಿಂದ ಬರಬೇಕು.

ಕನ್ನಡದಲ್ಲಿ ಮೊದಲು ಮಸುಕಾಗುವ ಧ್ವನಿಗಳು

ಸ್ವರಗಳು ಬಲವಾದ ಧ್ವನಿಗಳು. ಅವುಗಳ ಶಕ್ತಿಯ ಹೆಚ್ಚಿನ ಭಾಗ 1000 ಹರ್ಟ್ಜ್‌ಗಿಂತ ಕೆಳಗಿರುತ್ತದೆ. ವ್ಯಂಜನಗಳು ಚಿಕ್ಕವು, ದುರ್ಬಲವಾದವು. ಅವುಗಳನ್ನು ಗುರುತಿಸುವ ಸುಳಿವುಗಳು ಹೆಚ್ಚಾಗಿ ಅದಕ್ಕಿಂತ ಮೇಲಿನ ಕಂಪನಗಳಲ್ಲಿವೆ. ಆದ್ದರಿಂದ ಕೆಟ್ಟ ಕೋಣೆಯಲ್ಲಿ ಸ್ವರಗಳು ಉಳಿದು ವ್ಯಂಜನಗಳು ಅಳಿಯುತ್ತವೆ. ಕನ್ನಡದ ಮಟ್ಟಿಗೆ ಐದು ಬಗೆಯ ವ್ಯತ್ಯಾಸಗಳನ್ನು ಶಿಕ್ಷಕರು ನೆನಪಿನಲ್ಲಿಡಬೇಕು.

ಮೊದಲನೆಯದು ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ. ದನ ಮತ್ತು ಧನ, ಕರ ಮತ್ತು ಖರ ಇವುಗಳ ನಡುವೆ ಇರುವುದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ ಕಾಲದ ಉಸಿರು. ಎರಡನೆಯದು ಹಕಾರ: ಅಕ್ಕಿ ಮತ್ತು ಹಕ್ಕಿ, ಆಡು ಮತ್ತು ಹಾಡು. ಮೂರನೆಯದು ನಾಲಿಗೆಯ ಸ್ಥಾನ: ಹುಲಿ ಮತ್ತು ಹುಳಿ, ಮನೆ ಮತ್ತು ಮಣೆ. ನಾಲ್ಕನೆಯದು ಸರ ಮತ್ತು ಶರ ಎಂಬಂತಹ ಊಷ್ಮ ಧ್ವನಿಗಳು. ಸಕಾರದ ಸೀಟಿಯಂತಹ ಸದ್ದು ಹೆಚ್ಚಾಗಿ 4000 ಹರ್ಟ್ಜ್‌ನ ಮೇಲೆ, ಶಕಾರದ್ದು ಅದಕ್ಕಿಂತ ತುಸು ಕೆಳಗಿನಿಂದ ತೊಡಗುತ್ತದೆ.

ಐದನೆಯದು ಸಾಮಾನ್ಯವಾಗಿ ಗಮನಕ್ಕೆ ಬಾರದು. ಕತೆ ಮತ್ತು ಕತ್ತೆ, ಹಳಿ ಮತ್ತು ಹಳ್ಳಿ ಎಂಬ ಜೋಡಿಗಳಲ್ಲಿ ಒತ್ತಕ್ಷರವು ಒಂದೇ ವ್ಯಂಜನದ ದ್ವಿತ್ವ. ಕತ್ತೆ ಎಂದು ಹೇಳುವಾಗ ನಾಲಿಗೆ ಹಲ್ಲಿಗೆ ತಾಗಿ ಉಸಿರನ್ನು ತಡೆದು ಕ್ಷಣಕಾಲ ನಿಲ್ಲುತ್ತದೆ. ಕಿವಿ ದ್ವಿತ್ವವನ್ನು ಗುರುತಿಸುವುದು ಮುಖ್ಯವಾಗಿ ಆ ಚಿಕ್ಕ ಮೌನದ ಉದ್ದದಿಂದ. ಗೋಡೆಗಳಿಂದ ಮರಳಿ ಬರುವ ಹಿಂದಿನ ಸ್ವರದ ಮೊರೆತ ಆ ಮೌನವನ್ನು ತುಂಬಿಬಿಟ್ಟರೆ ಕತ್ತೆಯೂ ಕತೆಯಂತೆಯೇ ಕೇಳುತ್ತದೆ. ಮಗು ಒತ್ತಕ್ಷರವನ್ನು ಬಿಟ್ಟು ಬರೆದರೆ ಅದು ಅಲಕ್ಷ್ಯವೇ ಆಗಿರಬೇಕೆಂದಿಲ್ಲ. ಮೌನವು ಅದರ ಆಸನವನ್ನು ತಲುಪದೆಯೂ ಇದ್ದಿರಬಹುದು.

ಕೋಣೆಯ ಮೊರೆತ

ವಿಜಯಪುರದ ಗೋಲಗುಮ್ಮಟಕ್ಕೆ ಶೈಕ್ಷಣಿಕ ಪ್ರವಾಸ ಹೋದ ಮಕ್ಕಳು ಗುಮ್ಮಟದ ಒಳಗಿನ ಮೊಗಸಾಲೆಯಲ್ಲಿ ಕೂಗಿ, ತಮ್ಮ ಕೂಗು ಮತ್ತೆ ಮತ್ತೆ ಮರಳುವುದನ್ನು ಕೇಳಿ ಬೆರಗಾಗುತ್ತಾರೆ. ಗಟ್ಟಿಯಾದ, ನುಣುಪಾದ ಮೇಲ್ಮೈ ಧ್ವನಿಯನ್ನು ಹೀರದೆ ಹಿಂದಿರುಗಿಸುತ್ತದೆ ಎಂಬುದಕ್ಕೆ ಅದೊಂದು ಭವ್ಯ ನಿದರ್ಶನ. ಸಿಮೆಂಟು ಗಾರೆ, ಆರ್.ಸಿ.ಸಿ. ಛಾವಣಿ, ನುಣುಪು ನೆಲಗಳ ತರಗತಿಯಲ್ಲಿ ನಡೆಯುವುದೂ ಅದೇ. ಕೋಣೆ ಚಿಕ್ಕದಾದ್ದರಿಂದ ಪ್ರತಿಧ್ವನಿಗಳು ಬಿಡಿಬಿಡಿಯಾಗಿ ಕೇಳದೆ ಒಟ್ಟುಗೂಡಿ ಮೊರೆತವಾಗುತ್ತವೆ. ಗುಮ್ಮಟದಲ್ಲಿ ಅದು ಸೊಬಗು, ತರಗತಿಯಲ್ಲಿ ತೊಡಕು.

ಇದನ್ನು ಮೊದಲು ಅಳೆದು ಲೆಕ್ಕಕ್ಕೆ ತಂದವನು ಒಬ್ಬ ಅಧ್ಯಾಪಕ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1895ರಲ್ಲಿ ಹೊಸದಾಗಿ ಕಟ್ಟಿದ್ದ ಉಪನ್ಯಾಸ ಕೋಣೆಯೊಂದರಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಮೊರೆಯುತ್ತಿತ್ತು. ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. ಭೌತಶಾಸ್ತ್ರದ ಯುವ ಅಧ್ಯಾಪಕ ವ್ಯಾಲೇಸ್ ಸೇಬಿನ್ ಇನ್ನೊಂದು ಸಭಾಂಗಣದ ಆಸನಗಳ ಮೆತ್ತೆಗಳನ್ನು ತರಿಸಿ, ರಾತ್ರಿಯ ನಿಶ್ಶಬ್ದದಲ್ಲಿ ಆರ್ಗನ್ ವಾದ್ಯದ ಕೊಳವೆಯೊಂದನ್ನು ಊದಿಸಿ, ಮೊರೆತ ಅಡಗುವ ಕಾಲವನ್ನು ಅಳೆದನು. ಮೆತ್ತೆಗಳು ಹೆಚ್ಚಿದಷ್ಟೂ ಮೊರೆತದ ಕಾಲ ತಗ್ಗಿತು. ಧ್ವನಿಹೀರಿಕೆಯ ಅಳತೆಗೆ ಅವನು ಇಟ್ಟುಕೊಂಡ ಮಾನ ತೆರೆದ ಕಿಟಕಿ: ಕಿಟಕಿಯ ಮೂಲಕ ಹೊರಹೋದ ಧ್ವನಿ ಮರಳುವುದಿಲ್ಲವಾದ್ದರಿಂದ ಒಂದು ಚದರ ಮೀಟರ್ ತೆರೆದ ಕಿಟಕಿಯ ಹೀರಿಕೆ 1. ಅವನ ಸೂತ್ರದ ಪ್ರಕಾರ, ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಮೊರೆತದ ಕಾಲ ಸೆಕೆಂಡುಗಳಲ್ಲಿ ಸಿಗುತ್ತದೆ.

ಮೇಲೆ ಹೇಳಿದ ಕೋಣೆಯ ಎತ್ತರ 3 ಮೀಟರ್ ಆಗಿದ್ದರೆ ಘನಗಾತ್ರ 126 ಘನ ಮೀಟರ್. ನೆಲ, ಛಾವಣಿ, ಗೋಡೆಗಳ ಒಟ್ಟು ವಿಸ್ತೀರ್ಣ 162 ಚದರ ಮೀಟರ್. ಗಾರೆ ಮತ್ತು ಕಾಂಕ್ರೀಟು ಧ್ವನಿಯ ನೂರರಲ್ಲಿ ಸುಮಾರು 3 ಪಾಲನ್ನು ಮಾತ್ರ ಹೀರುತ್ತವೆ ಎಂದಿಟ್ಟುಕೊಂಡರೆ ಹೀರಿಕೆ 4.9, ಮೊರೆತದ ಕಾಲ 4 ಸೆಕೆಂಡಿಗಿಂತ ಹೆಚ್ಚು. 4 ಚದರ ಮೀಟರಿನಷ್ಟು ಕಿಟಕಿ ತೆರೆದರೆ ಹೀರಿಕೆ 8.9, ಕಾಲ ಸುಮಾರು 2.3 ಸೆಕೆಂಡ್. ಮೂವತ್ತು ಮಕ್ಕಳು ಒಳಗೆ ಬಂದರೆ, ಒಬ್ಬೊಬ್ಬರಿಗೆ ಸುಮಾರು 0.3ರಂತೆ 9 ಸೇರಿ ಹೀರಿಕೆ 17.9 ಆಗುತ್ತದೆ, ಕಾಲ 1.1 ಸೆಕೆಂಡಿಗೆ ಇಳಿಯುತ್ತದೆ. ಧ್ವನಿಯ ಅರ್ಧವನ್ನು ಹೀರುವ ದಪ್ಪ ಬಟ್ಟೆಯನ್ನು 12 ಚದರ ಮೀಟರ್ ತೂಗುಹಾಕಿದರೆ 0.85 ಸೆಕೆಂಡಿಗೆ ಬರುತ್ತದೆ. ಇಂತಹ ಗಾತ್ರದ ತರಗತಿಯಲ್ಲಿ, ಮಕ್ಕಳಿಲ್ಲದಿರುವಾಗಲೂ ಮೊರೆತ 0.6 ಸೆಕೆಂಡ್ ಮೀರಬಾರದೆಂದು ಅಮೆರಿಕದ ಶಾಲಾ ಮಾನಕ ಹೇಳುತ್ತದೆ. ಆ ಗುರಿಯನ್ನು ಪೂರ್ತಿಯಾಗಿ ಮುಟ್ಟಲಾಗದಿದ್ದರೂ ಎರಡು ಸೆಕೆಂಡಿನಿಂದ ಒಂದಕ್ಕಿಂತ ಕೆಳಗೆ ಇಳಿಸುವುದೇ ಮಾತಿಗೆ ದೊಡ್ಡ ಲಾಭ. ಪ್ರೌಢಶಾಲೆಯ ಮಕ್ಕಳು ತಮ್ಮ ಕೋಣೆಯನ್ನು ಅಳೆದು ಈ ಲೆಕ್ಕವನ್ನು ತಾವೇ ಮಾಡಬಲ್ಲರು.

ಬಟ್ಟೆಗೆ ದೊಡ್ಡ ಖರ್ಚು ಬೇಕಿಲ್ಲ. ಸೊಲ್ಲಾಪುರದ ಕಡೆ ಹಳೆಯ ಚಾದರಗಳು, ಕಾಸರಗೋಡಿನಲ್ಲಿ ತೆಂಗಿನ ನಾರಿನ ಚಾಪೆಗಳು, ಬಯಲುಸೀಮೆಯಲ್ಲಿ ಕಂಬಳಿ ಮತ್ತು ಜಮಖಾನಗಳು ದೊರೆಯುತ್ತವೆ. ಅವುಗಳನ್ನು ಸ್ಪೀಕರಿಗೆ ಎದುರಾದ ಹಿಂದಿನ ಗೋಡೆಯ ಮೇಲೆ, ಗೋಡೆಗೆ ಅಂಟಿಸದೆ ಒಂದು ಗೇಣಿನಷ್ಟು ಅಂತರ ಬಿಟ್ಟು ನೆರಿಗೆಯಾಗಿ ತೂಗುಹಾಕಿದರೆ ಹೆಚ್ಚು ಹೀರುತ್ತವೆ. ವಿದ್ಯುತ್ ಪ್ಲಗ್ಗುಗಳ ಬಳಿ ಬಟ್ಟೆ ಇರಕೂಡದು. ಬಣ್ಣ ಬಳಿದ ಗೋಡೆಗೆ ಅಂಟಿಸಿದ ಕಾಗದದ ಚಿತ್ರಪಟಗಳು ಗೋಡೆಯನ್ನು ಸಿಂಗರಿಸುತ್ತವೆ, ಮೊರೆತವನ್ನು ತಗ್ಗಿಸುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೊರಗಿನ ರಸ್ತೆಯ ಸದ್ದು, ಪಕ್ಕದ ತರಗತಿಯ ಓದು, ಫ್ಯಾನಿನ ಗರಗರ ಇವುಗಳನ್ನು ಸ್ಪೀಕರಿನ ಧ್ವನಿ ಏರಿಸಿ ಸ್ವಲ್ಪ ಮಟ್ಟಿಗೆ ಗೆಲ್ಲಬಹುದು. ಮೊರೆತವನ್ನು ಹಾಗೆ ಗೆಲ್ಲಲಾಗದು. ಧ್ವನಿ ಏರಿಸಿದಷ್ಟೂ ಮೊರೆತವೂ ಅಷ್ಟೇ ಏರುತ್ತದೆ. ಮಕ್ಕಳು ಕೇಳುತ್ತಿಲ್ಲ ಎಂದಾಗ ಶಿಕ್ಷಕರ ಕೈ ಮೊದಲು ವಾಲ್ಯೂಮಿಗೆ ಹೋಗುವುದು ಸಹಜ. ಅದರ ಬದಲು ಸ್ಪೀಕರನ್ನು ಮಕ್ಕಳ ಹತ್ತಿರಕ್ಕೆ ತರುವುದು ಸರಿಯಾದ ಕ್ರಮ. ನೇರ ಧ್ವನಿ ಹೆಚ್ಚುತ್ತದೆ, ಮೊರೆತ ಅಷ್ಟೇ ಉಳಿಯುತ್ತದೆ.

ಜೋಡಣೆಯ ಕ್ರಮ

ನಡುವಿನ ಸ್ಪೀಕರನ್ನು ತೆರೆಯ ಅಥವಾ ಟಿ.ವಿ.ಯ ಕೆಳಗೆ ಇಲ್ಲವೆ ಮೇಲೆ, ಸರಿಯಾಗಿ ನಡುವೆ ಇಡಬೇಕು. ನೆಲದ ಮೇಲಿಟ್ಟರೆ ಮುಂದಿನ ಸಾಲಿನ ಮಕ್ಕಳ ಮೈ ಮರೆಯಾಗಿ ಹಿಂದಿನವರಿಗೆ ಸಕಾರ ಶಕಾರಗಳ ಮೇಲಿನ ಕಂಪನಗಳು ತಲುಪುವುದಿಲ್ಲ. ಕುಳಿತ ಮಕ್ಕಳ ತಲೆಗಿಂತ ಎತ್ತರದಲ್ಲಿ, ಅಂದರೆ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿಟ್ಟು ಅದರ ಮುಖವನ್ನು ಹಿಂದಿನ ಸಾಲಿನ ಮಕ್ಕಳ ಮುಖದ ಕಡೆಗೆ ತುಸು ಬಾಗಿಸಬೇಕು. ಕಪಾಟಿನ ಒಳಗೆ ಅಥವಾ ಮೂಲೆಗೆ ಒತ್ತಿ ಇಡಬಾರದು. ಮೂಲೆ ತಗ್ಗಿನ ಧ್ವನಿಯನ್ನು ಉಬ್ಬಿಸಿ ಮಾತನ್ನು ಗವಿಯೊಳಗಿನ ಮಾತಿನಂತೆ ಮಾಡುತ್ತದೆ.

ಎಡ ಬಲದ ಸ್ಪೀಕರುಗಳನ್ನು ತೆರೆಯ ಇಕ್ಕೆಲಗಳಲ್ಲಿ ಅದೇ ಎತ್ತರದಲ್ಲಿ ಇಡಬಹುದು. ತಂತಿ ಜೋಡಿಸುವಾಗ ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಸೇರಿಸಬೇಕು. ಎರಡರಲ್ಲಿ ಒಂದು ಅದಲುಬದಲಾದರೆ ಒಂದರ ಪರದೆ ಮುಂದೆ ಚಲಿಸುವಾಗ ಇನ್ನೊಂದರದು ಹಿಂದಕ್ಕೆ ಚಲಿಸಿ ತಗ್ಗಿನ ಧ್ವನಿಗಳು ಪರಸ್ಪರ ಅಳಿಸಿಹೋಗುತ್ತವೆ. ಮಾತು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯದಂತಾಗುತ್ತದೆ. ಸಬ್‌ವೂಫರನ್ನು ಮುಂಭಾಗದ ನೆಲದ ಮೇಲಿಟ್ಟು ಭಾಷಾಪಾಠದ ಹೊತ್ತಿನಲ್ಲಿ ಅದರ ಮಟ್ಟವನ್ನು ಪೂರ್ತಿ ತಗ್ಗಿಸಬೇಕು. ತಗ್ಗಿನ ಬಲವಾದ ಸದ್ದು ಮೇಲಿನ ದುರ್ಬಲ ಧ್ವನಿಗಳನ್ನು ಕಿವಿಯಲ್ಲಿಯೇ ಮುಚ್ಚಿಹಾಕುತ್ತದೆ.

ಮೊಬೈಲಿನಲ್ಲಿ ಮುದ್ರಿಸಿದ ಪಾಠ, ಹಳೆಯ ಧ್ವನಿಮುದ್ರಿಕೆ ಮುಂತಾದವುಗಳಲ್ಲಿ ಒಂದೋ ಎರಡೋ ವಾಹಿನಿಗಳು ಮಾತ್ರ ಇರುತ್ತವೆ. ಕೆಲವು ಸೆಟ್ಟುಗಳು ಅದನ್ನೇ ಐದೂ ಸ್ಪೀಕರುಗಳಿಗೆ ಹಂಚುತ್ತವೆ. ಆಗ ರಿಮೋಟಿನಿಂದ ಸುತ್ತುಧ್ವನಿಯ ಮಟ್ಟವನ್ನು ಸೊನ್ನೆಗೆ ಇಳಿಸಬೇಕು. ಪ್ರೊ ಲಾಜಿಕ್ ಎಂಬ ವಿಧಾನವಿದ್ದರೆ ಅದನ್ನು ಆರಿಸಬಹುದು. ಎಡ ಬಲಗಳಲ್ಲಿ ಸಮನಾಗಿರುವ ಮಾತನ್ನು ಅದು ನಡುವಿನ ಸ್ಪೀಕರಿಗೆ ಕಳುಹಿಸುತ್ತದೆ. ಆ ಸೌಲಭ್ಯವಿಲ್ಲದೆ ನಡುವಿನ ಸ್ಪೀಕರ್ ಮೌನವಾಗಿದ್ದರೆ ಎಡ ಬಲದ ಎರಡನ್ನೂ ತೆರೆಯ ನಡುವಿಗೆ ಅಕ್ಕಪಕ್ಕ ತಂದಿಟ್ಟರೆ ಕೆಲಸ ನಡೆಯುತ್ತದೆ. ಬ್ಲೂಟೂತ್ ಬಳಸಿದಾಗ ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪಿದರೆ ತಂತಿಯಿಂದಲೇ ಜೋಡಿಸಬೇಕು.

ತಂತಿಗಳು ಮಕ್ಕಳು ನಡೆಯುವ ದಾರಿಗೆ ಅಡ್ಡ ಬಾರದಂತೆ ಗೋಡೆಯ ಅಂಚಿನಲ್ಲಿ ಸಾಗಬೇಕು. ಗೋಡೆಗೆ ತೂಗುಹಾಕಿದ ಪೆಟ್ಟಿಗೆಯ ಕೆಳಗೆ ಮಗು ಕುಳಿತಿರಬಾರದು. ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗನ್ನೇ ಬಳಸಬೇಕು. ವಯನಾಡು, ನೀಲಗಿರಿ, ಕಾಸರಗೋಡುಗಳ ಮಳೆಗಾಲದ ತೇವ ಪೆಟ್ಟಿಗೆಗಳಿಗೆ ಹಾನಿಕರ. ಅವುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಡದೆ ಗಾಳಿಯಾಡುವ ಬಟ್ಟೆಯಿಂದ ಮುಚ್ಚಿ, ಆಗಾಗ ನುಡಿಸುತ್ತಿರಬೇಕು.

ಆಸನಪಟದ ಪರೀಕ್ಷೆ

ಜೋಡಣೆ ಸರಿಯಾಗಿದೆಯೇ ಎಂಬುದನ್ನು ಶಿಕ್ಷಕರು ತಮ್ಮ ಕಿವಿಯಿಂದ ನಿರ್ಧರಿಸಲಾಗದು. ಭಾಷೆ ಬಲ್ಲವರು ಅರ್ಧ ಕೇಳಿದರೂ ಉಳಿದುದನ್ನು ಊಹೆಯಿಂದ ತುಂಬಿಕೊಳ್ಳುತ್ತಾರೆ. ಕಲಿಯುತ್ತಿರುವ ಮಗುವಿಗೆ ಆ ಊಹೆ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಪರೀಕ್ಷೆ ಮಕ್ಕಳ ಮೂಲಕವೇ ನಡೆಯಬೇಕು.

ಮೇಲೆ ಹೇಳಿದ ಜೋಡಿಗಳಿಂದ ಇಪ್ಪತ್ತು ಬಿಡಿ ಪದಗಳನ್ನು ಆರಿಸಿ, ಜೋಡಿಗಳು ಅಕ್ಕಪಕ್ಕ ಬಾರದಂತೆ ಬೆರೆಸಿ, ಒಂದೊಂದರ ನಡುವೆ ಐದು ಸೆಕೆಂಡ್ ಬಿಟ್ಟು ಮುದ್ರಿಸಬೇಕು. ಆಡುಮಾತಿನಲ್ಲಿ ಮಹಾಪ್ರಾಣ ಸಡಿಲವಾಗುವುದುಂಟು; ಮುದ್ರಿಸುವವರು ಅದನ್ನು ಸ್ಪಷ್ಟವಾಗಿ ಉಚ್ಚರಿಸಬೇಕು, ಆದರೆ ಅತಿಯಾಗಿ ಒತ್ತಬಾರದು. ಮಕ್ಕಳು ಕೇಳಿದ್ದನ್ನು ಬರೆಯಲಿ. ಅನಂತರ ಹಾಳೆಯೊಂದರ ಮೇಲೆ ಕೋಣೆಯ ಆಸನಗಳ ನಕ್ಷೆ ಬರೆದು ಪ್ರತಿ ಆಸನದಲ್ಲಿ ಬಿದ್ದ ತಪ್ಪುಗಳನ್ನು ಗುರುತಿಸಬೇಕು. ಇನ್ನೊಂದು ದಿನ ಮುಂದಿನವರನ್ನು ಹಿಂದಕ್ಕೂ ಹಿಂದಿನವರನ್ನು ಮುಂದಕ್ಕೂ ಕೂರಿಸಿ, ಪದಗಳ ಕ್ರಮವನ್ನು ಬದಲಿಸಿ ಮತ್ತೆ ನಡೆಸಬೇಕು.

ಎರಡು ನಕ್ಷೆಗಳನ್ನು ಹೋಲಿಸಿದಾಗ ಮೂರು ಸಂಗತಿಗಳು ಕಾಣಬಹುದು. ತಪ್ಪುಗಳು ಆಸನಕ್ಕೆ ಅಂಟಿಕೊಂಡಿದ್ದರೆ, ಅಂದರೆ ಯಾರು ಕುಳಿತರೂ ಅದೇ ಮೂಲೆಯಲ್ಲಿ ತಪ್ಪು ಬಿದ್ದರೆ, ದೋಷ ಕೋಣೆಯದು ಅಥವಾ ಸ್ಪೀಕರಿನ ಸ್ಥಾನದ್ದು. ತಪ್ಪುಗಳು ಮನೆಮಾತಿಗೆ ಅನುಗುಣವಾಗಿದ್ದರೆ ಅದು ಬೋಧನೆಯ ವಿಷಯ. ತಮಿಳು ಲಿಪಿಯಲ್ಲಿ ಕ-ಗ, ಪ-ಬ ವ್ಯತ್ಯಾಸವಾಗಲಿ ಮಹಾಪ್ರಾಣವಾಗಲಿ ಬೇರೆ ಅಕ್ಷರಗಳಾಗಿಲ್ಲ; ತಮಿಳು ಮನೆಮಾತಿನ ಮಗು ಎಲ್ಲಿ ಕುಳಿತರೂ ಇವುಗಳಲ್ಲಿ ಎಡವಬಹುದು. ಆದರೆ ತಮಿಳಿನಲ್ಲಿಯೂ ಪುಲಿ ಎಂದರೆ ಹುಲಿ, ಪುಳಿ ಎಂದರೆ ಹುಳಿ. ಆ ಮಗು ಹಿಂದಿನ ಸಾಲಿನಲ್ಲಿ ಮಾತ್ರ ಹುಲಿ-ಹುಳಿಗಳಲ್ಲಿ ತಪ್ಪಿದರೆ ಮನೆಮಾತನ್ನು ದೂರುವಂತಿಲ್ಲ. ಹಾಗೆಯೇ ಮರಾಠಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘ ಭೇದವಿಲ್ಲ. ಜತ್ತದ ಮಗು ಎಲ್ಲ ಆಸನಗಳಲ್ಲೂ ಅವುಗಳನ್ನು ಬೆರೆಸಬಹುದು. ಆದರೆ ಧನ ಎಂಬ ಪದ ಮರಾಠಿಗೂ ಪರಿಚಿತ. ಅದನ್ನು ದನ ಎಂದು ಹಿಂದಿನ ಮೂಲೆಯಲ್ಲಿ ಮಾತ್ರ ಬರೆದರೆ ಕೋಣೆಯನ್ನು ಪರಿಶೀಲಿಸಬೇಕು.

ಮೂರನೆಯ ಸಂಗತಿ ಎಲ್ಲಕ್ಕಿಂತ ಗಂಭೀರವಾದುದು. ಒಂದು ಮಗು ಮಾತ್ರ, ಮುಂದಿನ ಸಾಲಿನಲ್ಲಿ ಕುಳಿತಾಗಲೂ, ತನ್ನ ಮನೆಮಾತಿನಲ್ಲಿರುವ ಧ್ವನಿಗಳನ್ನೂ ಬಿಡುತ್ತಿದ್ದರೆ, ವಿಶೇಷವಾಗಿ ಸ, ಶ, ಹಗಳನ್ನು ಬಿಡುತ್ತಿದ್ದರೆ, ಆ ಮಗುವಿನ ಕಿವಿಯನ್ನು ವೈದ್ಯರಿಂದ ಪರೀಕ್ಷಿಸುವಂತೆ ತಂದೆತಾಯಿಯರಿಗೆ ತಿಳಿಸಬೇಕು. ಕಿವಿ ಸೋರುವಿಕೆ, ಗುಗ್ಗೆಯ ಶೇಖರಣೆಗಳಂತಹ ಚಿಕಿತ್ಸೆಗೆ ಒಳಪಡುವ ಕಾರಣಗಳೇ ಇರಬಹುದು. ಈ ಮೂರನ್ನೂ ಬೇರ್ಪಡಿಸದೆ ಎಲ್ಲ ಮಕ್ಕಳಿಗೂ ಹತ್ತು ಸಲ ಬರೆಯಿರಿ ಎಂದು ಹೇಳಿದರೆ, ಕೇಳಿಸದ ಪದವನ್ನೇ ಮಗು ಹತ್ತು ಸಲ ಬರೆದಂತಾಗುತ್ತದೆ.

ಸುತ್ತುಧ್ವನಿಯ ಸದುಪಯೋಗ

ಸುತ್ತುಧ್ವನಿಯ ಸ್ಪೀಕರುಗಳನ್ನು ಕಪಾಟಿನಲ್ಲಿ ಶಾಶ್ವತವಾಗಿ ಇಟ್ಟುಬಿಡಬೇಕೆಂದು ಇದರ ಅರ್ಥವಲ್ಲ. 5.1 ವಾಹಿನಿಗಳಲ್ಲಿಯೇ ತಯಾರಾದ ಚಲನಚಿತ್ರ ಅಥವಾ ಸಾಕ್ಷ್ಯಚಿತ್ರವನ್ನು ತೋರಿಸುವಾಗ ಅವುಗಳನ್ನು ಬಳಸಬಹುದು. ಆಗ ಅವುಗಳನ್ನು ಹಿಂದಿನ ಸಾಲಿನ ಮಕ್ಕಳ ಕಿವಿಯ ಬಳಿ ಇಡದೆ, ಪಕ್ಕದ ಗೋಡೆಗಳ ಮೇಲೆ ಎತ್ತರದಲ್ಲಿಟ್ಟು ಮಟ್ಟವನ್ನು ತಗ್ಗಿಸಬೇಕು. ಯಕ್ಷಗಾನದ ಮುದ್ರಿಕೆಯನ್ನು ಕೇಳಿಸುವಾಗ ಚೆಂಡೆಯ ಪೆಟ್ಟು ಭಾಗವತರ ಸಾಹಿತ್ಯವನ್ನು ಮುಚ್ಚುವುದುಂಟು. ಸಬ್‌ವೂಫರನ್ನು ತಗ್ಗಿಸಿ ನಡುವಿನ ಸ್ಪೀಕರನ್ನು ಒಂದೆರಡು ಹೆಜ್ಜೆ ಏರಿಸಿದರೆ ಪದ್ಯ ತಿಳಿಯಾಗುತ್ತದೆ. ವಿಜ್ಞಾನದ ಪಾಠದಲ್ಲಿ ಮಗುವೊಂದರ ಕಣ್ಣು ಕಟ್ಟಿ ನಡುವೆ ಕೂರಿಸಿ, ಯಾವ ಸ್ಪೀಕರ್ ನುಡಿಯುತ್ತಿದೆ ಎಂದು ಬೆರಳು ತೋರಿಸುವ ಆಟವನ್ನಾಡಿಸಬಹುದು. ಒಂದು ಕಿವಿಯನ್ನು ಮುಚ್ಚಿಕೊಂಡು ಅದೇ ಆಟವನ್ನಾಡಿದಾಗ ಉತ್ತರಗಳು ತಪ್ಪುತ್ತವೆ. ದಿಕ್ಕನ್ನು ಅರಿಯಲು ಎರಡು ಕಿವಿಗಳು ಬೇಕೆಂಬುದು ಅನುಭವಕ್ಕೆ ಬರುತ್ತದೆ.

ಊರಿನ ಹಿರಿಯರು ಹೇಳುವ ಕಥೆ, ಬೇರೆ ಗಡಿಭಾಗದ ಕನ್ನಡ ಶಾಲೆಯ ಮಕ್ಕಳ ಓದು, ಆಕಾಶವಾಣಿಯ ವಾರ್ತೆ ಇಂತಹ ಕೋಣೆಗೆ ತಾವಾಗಿ ಬರಲಾರದ ಕನ್ನಡದ ದನಿಗಳನ್ನು ಬರಮಾಡಿಕೊಳ್ಳುವುದೇ ಈ ಉಪಕರಣದ ನಿಜವಾದ ಪ್ರಯೋಜನ. ಬೀದರದ ಕನ್ನಡವನ್ನೂ ಮಂಗಳೂರಿನ ಕನ್ನಡವನ್ನೂ ತಾಳವಾಡಿಯ ಮಗು ಒಂದೇ ಗಂಟೆಯಲ್ಲಿ ಕೇಳಬಹುದು. ಆ ದನಿಗಳು ಮುಂದಿನ ಸಾಲಿಗೆ ಮಾತ್ರವಲ್ಲದೆ ಹಿಂದಿನ ಮೂಲೆಗೂ ಒಂದೇ ಸ್ಪಷ್ಟತೆಯಿಂದ ತಲುಪಿದಾಗಲೇ ಪಾಠ ಎಲ್ಲರದಾಗುತ್ತದೆ. ಶಾಲೆ ಆರಂಭವಾದ ಮೊದಲ ವಾರದಲ್ಲಿಯೂ, ಕೋಣೆ ಅಥವಾ ಆಸನಗಳ ವ್ಯವಸ್ಥೆ ಬದಲಾದಾಗಲೂ ಆಸನಪಟದ ಪರೀಕ್ಷೆಯನ್ನು ನಡೆಸಿ, ನಕ್ಷೆಯನ್ನು ತರಗತಿಯ ದಾಖಲೆಯೊಂದಿಗೆ ಇರಿಸಿಕೊಂಡರೆ ಮುಂದಿನ ವರ್ಷ ಬರುವ ಶಿಕ್ಷಕರಿಗೂ ಅದು ಉಪಯೋಗಕ್ಕೆ ಬರುತ್ತದೆ.